ತಿರುಗಿಸಿದಾಗ ಕಂಡ ಚುಕ್ಕೆ

ತುಮಕೂರಿನ ನಮ್ಮ ಆಸ್ಪತ್ರೆಯಲ್ಲಿ ಅಂಕಿಅಂಶದ ಕೆಲಸ ನೋಡುತ್ತಿದ್ದ ಅಕ್ಕ ಕಂಪ್ಯೂಟರ್ ಪರದೆಗೆ ಬೆರಳು ತಾಗಿಸುತ್ತಿರಲಿಲ್ಲ. ಪ್ರತಿ ಚುಕ್ಕೆಯೂ ಒಬ್ಬ ರೋಗಿ, ಮೈ ಮುಟ್ಟಿದಂತಾಗುತ್ತದೆ ಎನ್ನುತ್ತಿದ್ದರು. ಗುಬ್ಬಿ ಕಡೆಯವರ ರಕ್ತಪರೀಕ್ಷೆಗಳನ್ನೆಲ್ಲ ಸಾಫ್ಟ್‌ವೇರ್‌ಗೆ ಹಾಕಿದರೆ ಯಾವ ಕಡೆಯಿಂದಲೂ ತಿರುಗಿಸಿ ನೋಡಬಹುದಾದ ಚುಕ್ಕೆಗಳ ಗುಂಪೊಂದು ಪರದೆಯ ಮೇಲೆ ಮೂಡುತ್ತಿತ್ತು; ಫಲಿತಾಂಶ ಹೋಲುವವರು ಹತ್ತಿರ, ಹೋಲದವರು ದೂರ. ಅಷ್ಟು ಸಾಕೆಂದು ನಾನು ಎದ್ದರೆ, "ಇರೇ, ಒಂಚೂರು ತಿರುಗಿಸಿ ನೋಡಣ" ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಹಾಗೆ ತಿರುಗಿಸಿದಾಗ, ಎದುರಿನಿಂದ ಗುಂಪಿನ ನಡುವೆಯೇ ಕಂಡಿದ್ದ ಒಂದು ಚುಕ್ಕೆ ಬಹಳ ಹಿಂದೆ ಒಂಟಿಯಾಗಿ ನಿಂತಿತ್ತು.

"ಯಾರಕ್ಕಾ ಅದು?"

"ನಾನೇ ಕಣೇ. ಸಾಫ್ಟ್‌ವೇರ್ ಸರಿಯಿದ್ಯಾ ಅಂತ ನನ್ ರಿಪೋರ್ಟೂ ಹಾಕಿದ್ದೆ. ಒಂದೊಂದೇ ಅಂಕಿ ನೋಡಿದ್ರೆ ಎಲ್ಲಾ ನಾರ್ಮಲ್ಲು" ಎಂದು ನಕ್ಕರು. "ಇವ್ಳು ಯಾರ್ ಜೊತೇನೂ ಸೇರಲ್ಲ ಅಂತ ನಮ್ಮತ್ತೆ ಮೊದ್ಲೇ ಹೇಳಿದ್ರು."

ಹಾಗೆ ನಕ್ಕು ಬಿಟ್ಟವರು ತಿಂಗಳುಗಳ ನಂತರ ವೈದ್ಯರಿಗೆ ತೋರಿಸುವಷ್ಟರಲ್ಲಿ ಕಾಯಿಲೆ ಕೈಮೀರಿತ್ತು. ಅಕ್ಕ ಹೋಗಿಬಿಟ್ಟರು.

ಈ ವಾರ ಕುಣಿಗಲ್ ಕಡೆಯ ರಕ್ತಪರೀಕ್ಷೆಗಳು ಬಂದವು. ಹಳೆಯವುಗಳ ಜೊತೆ ಸೇರಿಸಿ ತಿರುಗಿಸಿದೆ. ಅಕ್ಕನ ಪಕ್ಕದಲ್ಲಿ ಇನ್ನೊಂದು ಚುಕ್ಕೆ ಬಂದು ನಿಂತಿತ್ತು.

ಅದು ಯಡಿಯೂರಿನ ಹೆಂಗಸೊಬ್ಬರದು. ಫೋನ್ ಮಾಡಿದೆ. ಅವರ ಹಿಂದೆ ಕುಕ್ಕರ್ ಕೂಗುತ್ತಿತ್ತು.

"ಚೆನ್ನಾಗೇ ಇದೀನಲ್ಲವ್ವ. ರಿಪೋರ್ಟು ನಾರ್ಮಲ್ ಅಂದ್ರಲ್ಲ?"

"ಹೌದು. ಆದ್ರೂ ನಾಳೆ ಬೆಳಗ್ಗೇನೇ ಬಂದ್ಬಿಡಿ."

"ಒಬ್ಳೇ ಬಂದ್ರೆ ಸಾಕಾ?"

"ಒಬ್ರೇ ಬೇಡಮ್ಮ" ಎಂದೆ. "ಜೊತೆಗೆ ಯಾರನ್ನಾದ್ರೂ ಕರ್ಕೊಂಡ್ ಬನ್ನಿ."