ಓನರಮ್ಮ ಮುಟ್ಟಿ ನೋಡಿದ ರಾಣಿ

ರೇಷ್ಮೆಗೂಡು ಬೇಯಿಸಿ ನೂಲು ತೆಗೆದು ತೆಗೆದು ಓನರಮ್ಮನ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು. ಶಿಡ್ಲಘಟ್ಟದಲ್ಲಿ ನಾನು ಬಾಡಿಗೆಗಿದ್ದ ಮಹಡಿಯ ಕೆಳಗೇ ಅವರ ರಾಟೆ. ಕಣ್ಣಿಗಿಂತ ಬೆರಳನ್ನೇ ನಂಬುವ ಹೆಂಗಸು. ನನ್ನ ಹೊಸ ಸೀರೆಯ ಸೆರಗು ಸವರಿ, "ಮೋಸ ಹೋಗಿದ್ದೀಯ ಕಣಮ್ಮ" ಎಂದು ನಗುತ್ತಿದ್ದರು.

ನಾನಾಗ ಯುರೋಪಿನ ರಾಣಿಯರ ಹಳೆಯ ಚಿತ್ರಗಳ ಮೇಲೆ ಪಿಎಚ್.ಡಿ. ಬರೆಯುತ್ತಿದ್ದೆ. ತಾಮ್ರದ ತಗಡಿನಲ್ಲಿ ಗೆರೆ ಕೊರೆದು, ಮಸಿ ತುಂಬಿ ಅಚ್ಚೊತ್ತಿದ ಚಿತ್ರಗಳು. ಒಬ್ಬ ರಾಣಿಯ ಒಡವೆ, ನಿಲುವಂಗಿಗಳನ್ನೇ ನಂಬಿ ಒಂದು ಅಧ್ಯಾಯ ಕಟ್ಟಿದ್ದೆ. ಒಪ್ಪಿಸಲು ಹದಿನೈದೇ ದಿನ. ನಿಂತಲ್ಲಿ ನಿಲ್ಲಲಾರೆ, ಕೂತಲ್ಲಿ ಕೂರಲಾರೆ.

ಅವತ್ತು ಕಾಫಿ ತಂದ ಓನರಮ್ಮ, ನನ್ನ ಗುರುಗಳು ನಂಬಿ ಕೊಟ್ಟಿದ್ದ ಆ ರಾಣಿಯ ಮೂಲ ಅಚ್ಚುಚಿತ್ರದ ಉಬ್ಬುಗೆರೆಗಳ ಮೇಲೆ ಬೆರಳಾಡಿಸಿಬಿಟ್ಟರು.

"ಅಯ್ಯೋ, ಮುಟ್ಟಬೇಡ್ರೀ!" ಕಿರುಚಿದೆ.

"ಇರಮ್ಮ... ಕತ್ತಿನ ಮೇಲಿನ ಎಳೆ ಬೇರೆ, ಕೆಳಗಿಂದು ಬೇರೆ. ಇಬ್ರ ಕೈ ಇದು. ಯಾರ್ದೋ ಮೈಗೆ ಯಾರ್ದೋ ತಲೆ ಇಟ್ಟವ್ರೆ."

"ಗೂಡು ಬೇಯಿಸೋರಿಗೆ ಇದೆಲ್ಲ ಏನ್ರೀ ಗೊತ್ತು?" ಅಂದೇಬಿಟ್ಟೆ. ನನ್ನ ಬಾಯಿಗೆ ಹುಳ ಬೀಳ! ಅವರು ಲೋಟ ಇಟ್ಟು ಇಳಿದುಹೋದರು.

ಭೂತಗನ್ನಡಿ ಹಿಡಿದರೆ, ಕತ್ತಿನ ಸುತ್ತ ಉಜ್ಜಿ ಅಳಿಸಿದ ಬೇರೆ ಕೂದಲಿನ ಗುರುತು! ರಾಣಿ ಬದಲಾದಾಗ ಹೊಸ ತಗಡೇಕೆಂದು ಕೆತ್ತುವವನು ತಲೆ ಮಾತ್ರ ಬದಲಿಸಿದ್ದ. ಒಡವೆಯೆಲ್ಲ ಮೊದಲಿನವಳದು. ನನ್ನ ಅಧ್ಯಾಯ ಮಣ್ಣುಪಾಲು. ಯಾರಿಗೆ ಗೊತ್ತಾಗುತ್ತೆ, ಮುಚ್ಚಿಟ್ಟುಬಿಡೋಣ ಅನ್ನಿಸಿತು. ಎರಡು ದಿನ ಮಹಡಿಯಲ್ಲಿ ಶತಪಥ ತಿರುಗಿದೆ. ಮೂರನೆಯ ದಿನ ಕೆಳಗಿಳಿದು ತಪ್ಪಾಯಿತು ಎಂದು ಎಲ್ಲವನ್ನೂ ಹೇಳಿಕೊಂಡೆ.

ಅವರು ರಾಟೆ ನಿಲ್ಲಿಸಲಿಲ್ಲ. "ಕಡಿದ ಎಳೆ ಮುಚ್ಚಿ ಸುತ್ತಿದ್ರೆ ನೇಯೋನ ಕೈಗೆ ಸಿಕ್ಕೇ ಸಿಗ್ತದೆ. ಬಿಚ್ಚಿ ಗಂಟು ಹಾಕಮ್ಮ."

ಬಿಚ್ಚಿದೆ. ಗಡುವು ಮುಂದೂಡಿಸಿಕೊಂಡು ಹೊಸದಾಗಿ ಬರೆದೆ. ಆ ತಲೆ ಬದಲಾದ ಕಥೆಯೇ ನನಗೆ ಹೆಸರು ತಂದಿತು, ಪುಸ್ತಕವೂ ಆಯಿತು. ಕೃತಜ್ಞತೆಯ ಪುಟದಲ್ಲಿ ಮೇಷ್ಟ್ರುಗಳೆಲ್ಲ ಇದ್ದರು. ನೂಲು ತೆಗೆಯುವ ಹೆಂಗಸೊಬ್ಬರು ಕಂಡುಹಿಡಿದರೆಂದು ಬರೆಯಲು ನನಗೆ ನಾಚಿಕೆಯಾಗಿತ್ತು. ಪುಸ್ತಕದ ಒಂದು ಪ್ರತಿ ಕೊಟ್ಟಾಗ ಓನರಮ್ಮ, "ನನ್ನ ಹೆಸ್ರೂ ಹಾಕಿದ್ದೀಯೇನಮ್ಮ?" ಎಂದರು. ಇಂಗ್ಲಿಷ್ ಓದಲು ಬಾರದವರು. "ಹೂಂ" ಅಂದೆ. ಪುಸ್ತಕವನ್ನು ದೇವರ ಪಟದ ಪಕ್ಕ ಇಟ್ಟುಕೊಂಡರು.

ಹೋದ ತಿಂಗಳು ಅವರು ತೀರಿಕೊಂಡರು. ತಿಥಿಯ ದಿನ ಸೊಸೆ ಆ ಪುಸ್ತಕ ತಂದು, ನೆಂಟರೆದುರಿಗೇ ನನ್ನ ಕೈಗಿಟ್ಟಳು.

"ಅತ್ತೆ ಹೆಸ್ರು ಯಾವ ಪೇಜಲ್ಲಿದೆ ಅಕ್ಕಾ? ಎಲ್ರೂ ನೋಡ್ಬೇಕಂತೆ."

ಇಲ್ಲವೆನ್ನುವ ಧೈರ್ಯ ಬರಲಿಲ್ಲ. ಪುಟ ತಿರುಗಿಸುತ್ತಲೇ ಕೂತೆ.