ಲಾಯಿಲ ಮುಟ್ಟಿದ ನೂಲು

ನನ್ನ ಅತ್ತೆ ಜುಲೈಕಾ ಸುಳ್ಳು ಹೇಳುವವರಲ್ಲ. ಕೇಳಿದ ಸುದ್ದಿಯನ್ನು ಬರಿಗೈಯಲ್ಲಿ ಮುಂದಕ್ಕೆ ಕಳಿಸಲು ಮಾತ್ರ ಅವರಿಗೆ ಮನಸ್ಸು ಬರುವುದಿಲ್ಲ.

ಮೂಡುಬಿದಿರೆಯ ಕಾಲೇಜೊಂದರ ಪ್ರಯೋಗಾಲಯದಲ್ಲಿ ನನಗೆ ಕೆಲಸ ಸಿಕ್ಕಿದಾಗ, ಏನು ಕೆಲಸ ಎಂದು ಕೇಳಿದರು. ಬಣ್ಣ ಬೆರೆಸಿದ ಪ್ಲಾಸ್ಟಿಕ್ ಕಡ್ಡಿಯನ್ನು ಬಿಸಿ ಮಾಡಿ, ಕೂದಲಿನಷ್ಟು ತೆಳ್ಳಗೆ ಎಳೆದು, ಆ ಎಳೆಯೊಳಗೆ ಬೆಳಕು ಹೇಗೆ ಹೋಗುತ್ತದೆಂದು ನೋಡುವುದು ಎಂದೆ. ಅತ್ತೆ ಸಿದ್ಧಕಟ್ಟೆಯ ನಮ್ಮ ಪಕ್ಕದ ಮನೆಯಲ್ಲಿ, "ರಾಫಿಯಾಗೆ ಬಣ್ಣದ ನೂಲಿನ ಕೆಲಸ" ಎಂದರು. ಮರುದಿನವೇ ಪಕ್ಕದ ಮನೆಯಾಕೆ ಹರಿದ ಬುರ್ಖಾ ಹಿಡಿದು ಬಂದಳು. ಅದೇ ಕಪ್ಪಿನ ನೂಲು ಬೇಕಂತೆ. ವಾರದೊಳಗೆ ನಾಲ್ಕಾರು ಊರು ಆಚೆಯ ಲಾಯಿಲದಿಂದ ಅತ್ತೆಯ ತಮ್ಮ ಮೊಯಿದಿನಬ್ಬ ಫೋನ್ ಮಾಡಿದರು: "ಅಕ್ಕಾ, ಸೊಸೆ ಜವಳಿ ಅಂಗಡಿ ಹಾಕಿದ್ದು ನೀನು ಹೇಳಲೇ ಇಲ್ಲ ಅಲ್ಲ? ಮಗಳ ಮದುವೆಯ ಬಟ್ಟೆ ಅಲ್ಲೇ ತೆಗೆಯುವ."

ನನಗೆ ಪಿತ್ತ ನೆತ್ತಿಗೇರಿತು. ಅತ್ತೆಯನ್ನು ಕೂರಿಸಿ ಪಾಠ ಮಾಡಿದೆ.

"ಎಳೆಯ ಒಂದು ತುದಿಯಿಂದ ಹಸಿರು ಬೆಳಕು ಬಿಡ್ತೇವೆ. ಒಳಗಿನ ಬಣ್ಣ ಅದನ್ನು ಕುಡಿದು, ಸ್ವಲ್ಪ ಕೆಂಪು ಮಾಡಿ ಉಗುಳ್ತದೆ. ಮುಂದೆ ಇರುವ ಬಣ್ಣ ಅದನ್ನೂ ಕುಡಿದು ಇನ್ನಷ್ಟು ಕೆಂಪು ಮಾಡ್ತದೆ. ಎಳೆ ಉದ್ದ ಆದಷ್ಟೂ ಕೆಂಪು ಜಾಸ್ತಿ. ನಾನು ಅಳೆಯುವುದು ಅದನ್ನು. ಅರ್ಥ ಆಯ್ತಾ?"

ಅತ್ತೆ ವೀಳ್ಯದೆಲೆಗೆ ಸುಣ್ಣ ಹಚ್ಚುತ್ತಾ ನನ್ನನ್ನು ಕನಿಕರದಿಂದ ನೋಡಿದರು.

"ಇಷ್ಟಕ್ಕೆ ಮಿಷನ್ ಯಾಕೆ ಮಾರಾಯ್ತಿ? ಇಲ್ಲಿ ಒಂದು ಮಾತು ಹೇಳು, ಲಾಯಿಲದಲ್ಲಿ ಹೋಗಿ ನಿಂತು ನೋಡು."