ಯಾವೂರಾತು?

ನ್ಯಾಮತಿಯ ಉದ್ಯೋಗ ನೋಂದಣಿ ಕೇಂದ್ರದಲ್ಲಿ ಅರ್ಜಿ ತುಂಬಿಕೊಡುವುದು ನನ್ನ ಕೆಲಸ. ಅವತ್ತು ನನ್ನ ಮೇಜಿನ ಮುಂದೆ ಕೂತವಳು ನೇಪಾಳದ ಬಿಷ್ಣುಮಾಯಾ. ಹೊಲಿಗೆ ಬರುತ್ತಿತ್ತು, ಕೆಲಸ ಬೇಕಿತ್ತು. ಕನ್ನಡವನ್ನು ಅಂಗಡಿ, ಬಸ್ಸುಗಳಲ್ಲಿ ಕೇಳಿಯೇ ಕಲಿತಿದ್ದಳು.

ಎಲ್ಲರನ್ನೂ ಕೇಳುವ ಹಾಗೆ ಅವಳನ್ನೂ ಕೇಳಿದೆ: “ಯಾವೂರಾತಮ್ಮ ನಿಮ್ದು?”

ಅವಳು ಬಹಳ ಹೊತ್ತು ಯೋಚಿಸಿದಳು. “ಜಗಳೂರಾಗೆ ಒಂದು ವರ್ಷ ಇದ್ವಿ, ಆಗ್ಲಿಲ್ಲ. ಚನ್ನಗಿರಿನೂ ಆಗ್ಲಿಲ್ಲ. ಇನ್ನೂ ಯಾವೂರೂ ಆಗಿಲ್ಲ ಮೇಡಂ.”

ಸಾಲಿನಲ್ಲಿ ನಿಂತವರು ನಕ್ಕರು. ನನಗೆ ಸಿಟ್ಟು ಬಂತು. ಅವರ ಮೇಲಲ್ಲ, ಇಷ್ಟು ವರ್ಷ ‘ಆತು’, ಅಂದರೆ ‘ಆಯಿತು’, ಎನ್ನುವ ಮಾತನ್ನು ಅರ್ಥವೇ ನೋಡದೆ ಆಡಿದ ನನ್ನ ಬಾಯಿಯ ಮೇಲೆ.

ಶಾಲೆಯ ಸಮವಸ್ತ್ರ ಹೊಲಿಸುವ ಶಾಂತಲಾ ಅವರಿಗೆ ಆಗಲೇ ಫೋನ್ ಮಾಡಿದೆ. “ಒಂದು ಕಾಲರ್ ಹೊಲಿಸಿ ನೋಡ್ರಿ, ಆಮ್ಯಾಲೆ ಮಾತಾಡಾಣ,” ಅಂದೆ. ಕಾಲರ್ ನೋಡಿದ ಅವರು ಮರುದಿನದಿಂದಲೇ ಬರಹೇಳಿದರು.

ಆರು ತಿಂಗಳು ಕಳೆದಿರಬೇಕು. ಹೊನ್ನಾಳಿ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಬಿಷ್ಣುಮಾಯಾ ಕೂತಿದ್ದಳು. ಅವಳ ಪಕ್ಕದ ಅಜ್ಜಿ ಎಲೆ ಅಡಿಕೆ ಅಗಿಯುತ್ತಾ ಕೇಳಿದರು: “ಯಾವೂರಾತವ್ವ ನಿಂದು?”

ಈ ಸಲ ಅವಳು ಯೋಚಿಸಲಿಲ್ಲ.

“ನ್ಯಾಮತಿ ಆತು, ಅಜ್ಜಿ.”